ಪಾಸ್‌ಬುಕ್ಕಿನಲ್ಲಿರುವುದೆಲ್ಲ ನಮ್ಮದಲ್ಲ

ತಂಗೀ,

ಸಿಂದಗಿ ಪುರಸಭೆಗೆ ಅಕೌಂಟೆಂಟ್ ಆಗಿ ನಿನಗೆ ಆದೇಶ ಬಂದಿದೆ ಎಂದು ನಿಮ್ಮಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ದನಿಯಲ್ಲಿ ಹಿಗ್ಗೂ ಇತ್ತು, ಅಂಜಿಕೆಯೂ ಇತ್ತು. "ಹುಡುಗಿ ಇನ್ನಾ ಸಣ್ಣಾಕಿ, ನಾಕು ಮಾತು ಹೇಳಪಾ" ಅಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಮ್ಮ ಜಿಲ್ಲೆಯ ಊರುಗಳಲ್ಲೂ, ಜಿಲ್ಲೆಯ ಹೊರಗೂ ಲೆಕ್ಕ ಬರೆಯುತ್ತಲೇ ಕೂದಲು ಬೆಳ್ಳಗಾದವನು ನಾನು. ನಿನಗೆ ಹೇಳಬೇಕಾದ್ದು ಒಂದೇ ಮಾತು. ಅದನ್ನು ನಾನು ಕಲಿತದ್ದು ತಪ್ಪು ಮಾಡಿ.

ಹೊರ ಜಿಲ್ಲೆಯ ಒಂದು ಊರು, ಹೆಸರು ಬೇಡ. ಏಪ್ರಿಲ್ ಕೊನೆಯ ಬಿಸಿಲು. ನೀರೆತ್ತುವ ಮೋಟಾರು ಸುಟ್ಟು ಆರು ದಿನವಾಗಿತ್ತು. ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಸದಸ್ಯರ ಗದ್ದಲ. ಪಾಸ್‌ಬುಕ್ ತೆಗೆದು ನೋಡಿದೆ, ಖಾತೆಯಲ್ಲಿ ಹಣವಿತ್ತು. ಚೆಕ್ ಬರೆದೆ. ಮೋಟಾರು ಬಂತು, ನೀರು ಬಂತು, ಎಲ್ಲರೂ ಬೆನ್ನು ತಟ್ಟಿದರು.

ಮೂರು ತಿಂಗಳ ನಂತರ ನೇರ ಪಾವತಿಯ ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು ಬಂದಳು. ಪಗಾರ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದಳು. ಮಗಳ ಮದುವೆಗೆಂದು ಪಿಎಫ್ ತೆಗೆಯಲು ಹೋದರೆ ಮೂರು ತಿಂಗಳದ್ದು ಜಮಾ ಆಗಿರಲಿಲ್ಲ. ಚೀಟಿಗಳನ್ನು ನನ್ನ ಮೇಜಿನ ಮೇಲೆ ಒಂದೊಂದಾಗಿ ಹರವಿ, "ಸರ, ಪಗಾರದಾಗ ಹಿಡದದ್ದು ರೊಕ್ಕ ಎಲ್ಲಿಗಿ ಹೋತ್ರಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಅವಳ ರೊಕ್ಕ ಮೋಟಾರಿಗೆ ಹೋಗಿತ್ತು. ಕಳವಾಗಿರಲಿಲ್ಲ, ರಸೀದಿ ಇತ್ತು, ವೋಚರ್ ಇತ್ತು. ಆದರೂ ಅದು ಅವಳ ರೊಕ್ಕ. ಅವಳ ಬೆರಳ ಉಗುರಿನ ಸಂದಿಯ ಕಪ್ಪು ಇವತ್ತಿಗೂ ನನ್ನ ಕಣ್ಣಮುಂದಿದೆ.

ಅದಕ್ಕೇ ಹೇಳುತ್ತೇನೆ, ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವ ಮೊದಲು ಯಾರದ್ದಿದೆ ಎಂದು ಕೇಳು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ನೂರಕ್ಕೆ 6 ಬರುತ್ತದೆ, ಅದು ಗ್ರಂಥಾಲಯದ್ದು. ಭಿಕ್ಷುಕರ ಕರ ನೂರಕ್ಕೆ 3, ಅದೂ ನಮ್ಮದಲ್ಲ. ಗುತ್ತಿಗೆದಾರರ ಬಿಲ್ಲಿನಲ್ಲಿ ಹಿಡಿದ ನೂರಕ್ಕೆ 1 ಕಟ್ಟಡ ಕಾರ್ಮಿಕರ ಕಲ್ಯಾಣದ್ದು. ಠೇವಣಿ ಇಟ್ಟವರದ್ದು ಠೇವಣಿ. ರಾಜ್ಯ ಹಣಕಾಸು ಆಯೋಗದ, ಅಂದರೆ ನಾವೆಲ್ಲ ಎಸ್‌ಎಫ್‌ಸಿ ಎನ್ನುವ ಅನುದಾನದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಇವನ್ನೆಲ್ಲ ಕಳೆದು ಉಳಿದದ್ದು ಎಷ್ಟು ಎಂದು ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಒಂದೇ ಹಾಳೆಯಲ್ಲಿ ಬರೆದು ಮುಖ್ಯಾಧಿಕಾರಿಯ ಮೇಜಿನ ಮೇಲಿಡು. ಯಾರೂ ಕೇಳದಿದ್ದರೂ ಇಡು. ಗದ್ದಲದ ದಿನ ಆ ಹಾಳೆಯೇ ನಿನ್ನ ಪರವಾಗಿ ಮಾತಾಡುತ್ತದೆ.

ಇಂಥ ಹಾಳೆ ಬರೆಯಲು ದಾರಿ ಮಾಡಿಕೊಟ್ಟದ್ದೇ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು. ಅದಕ್ಕೂ ಮುಂಚೆ ನಮ್ಮದು ಬರೀ ಜಮಾ-ಖರ್ಚಿನ ಕ್ಯಾಶ್ ಬುಕ್. ಕೊಡಬೇಕಾದ ಬಾಕಿ ಎಲ್ಲೂ ಕಾಣುತ್ತಿರಲಿಲ್ಲ. ಆಮೇಲೆ ಇಬ್ಬದಿ ಲೆಕ್ಕ ಬಂತು, ಒಂದೊಂದು ನಿಧಿಗೆ ಒಂದೊಂದು ಲೆಕ್ಕ ಬಂತು.  ಈಗ ಲೆಕ್ಕ ನಡೆಯುವುದು ಸಾಫ್ಟ್‌ವೇರ್‌ನಲ್ಲಿ. ಅದು ಮೊತ್ತ ಕೂಡಿಸುತ್ತದೆ, ಆದರೆ ಎಂಟ್ರಿ ಯಾವ ತಲೆಬರಹಕ್ಕೆ ಹೋಗಬೇಕೆಂದು ಅದಕ್ಕೆ ಗೊತ್ತಿಲ್ಲ. ಎಂಟ್ರಿಯನ್ನು ಹೊರಗಿನ ಆಪರೇಟರ್ ಕೈಗೆ ಪೂರ್ತಿ ಬಿಟ್ಟು ಸಹಿ ಹಾಕುವ ಚಾಳಿ ನಿನಗೆ ಬೇಡ. ಬ್ಯಾಂಕಿನ ತಾಳೆ ಪಟ್ಟಿ ನೀನೇ ಮಾಡು.

ಈಗ ಆ ಮೋಟಾರಿಗೆ ಮರಳಿ ಬರೋಣ. ಊರಿಗೆ ನೀರು ಕೊಡಲೇಬೇಕಿತ್ತಲ್ಲ, ಆ ಹಣ ಎಲ್ಲಿಂದ ಬರಬೇಕಿತ್ತು? ನಳದ ಬಾಕಿಯಿಂದ. ಆ ಊರಿನ ಬೇಡಿಕೆ-ವಸೂಲಿ-ಬಾಕಿ ರಿಜಿಸ್ಟರನ್ನು ಆಮೇಲೆ ಬಿಚ್ಚಿ ನೋಡಿದೆ. ಬಾಕಿಯ ಕಾಲಮ್ಮಿನಲ್ಲಿ ಹತ್ತಾರು ಮೋಟಾರು ಕೊಳ್ಳುವಷ್ಟು ಹಣ ಮಲಗಿತ್ತು. ನಮ್ಮ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣೆ ಇದ್ದಾಳೆ, ಇಂಡಿ, ಸಿಂದಗಿಯ ಕಡೆ ಭೀಮೆ ಇದ್ದಾಳೆ. ಆದರೂ ನದಿಯ ನೀರು ತಾನಾಗಿ ಮನೆಯ ನಳಕ್ಕೆ ಏರಿ ಬರುವುದಿಲ್ಲ. ಮೇಲೆತ್ತುವುದಕ್ಕೆ ಹೆಸ್ಕಾಂನ ಕರೆಂಟ್ ಬಿಲ್ಲು ಬರುತ್ತದೆ, ವಾಲ್ವ್‌ಮನ್‌ಗೆ ಪಗಾರ ಬೇಕು, ಪೈಪು ಒಡೆಯುತ್ತದೆ. ಮಂದಿ ದುಡ್ಡು ಕೊಡುವುದಿಲ್ಲ ಎಂದು ಕಚೇರಿಯಲ್ಲಿ ಕೂತು ಹೇಳುವವರನ್ನು ನಂಬಬೇಡ. ನಾನು ಕರವಸೂಲಿಗಾರನ ಜೊತೆ ಓಣಿ ಸುತ್ತಿದವನು. ಬಹಳ ಮನೆಗಳಿಗೆ ಬಿಲ್ಲೇ ಮುಟ್ಟಿರಲಿಲ್ಲ. ರಿಜಿಸ್ಟರಿನಲ್ಲಿ ಮಣ್ಣಿನ ಮಾಳಿಗಿ ಮನೆ ಎಂದಿದ್ದ ಜಾಗದಲ್ಲಿ ಮೂರಂತಸ್ತಿನ ಆರ್‌ಸಿಸಿ ಕಟ್ಟಡ ನಿಂತಿತ್ತು, ಖಾತೆ ಮಾತ್ರ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇತ್ತು. ಮನೆಯವರು, "ಬಿಲ್ಲ ಕೊಡ್ರಿ, ಕಟ್ತೀವಿ" ಅಂದರು.

ಏಪ್ರಿಲ್ ತಿಂಗಳು ನಿನಗೆ ಸುಗ್ಗಿ ಇದ್ದಂತೆ. ಆಸ್ತಿ ತೆರಿಗೆಯನ್ನು ಆ ತಿಂಗಳಲ್ಲೇ ಕಟ್ಟಿದವರಿಗೆ ನೂರಕ್ಕೆ 5 ರಿಯಾಯಿತಿ ಇದೆ. ಇದು ಗೊತ್ತಿಲ್ಲದ ಮನೆಗಳು ಇನ್ನೂ ಇವೆ. ಕಸದ ಗಾಡಿಯಲ್ಲಿ ಹಾಡು ಹಾಕುತ್ತಾರಲ್ಲ, ಅದರ ನಡುವೆ ಈ ಮಾತನ್ನೂ ಕೂಗಿಸು. ಮಾರ್ಕೆಟ್ಟಿನ ಮಳಿಗೆಗಳ ಕರಾರು ಪತ್ರಗಳನ್ನೂ ತೆಗೆಸಿ ನೋಡು. ಅವಧಿ ಮುಗಿದು ಎಷ್ಟೋ ವರ್ಷವಾದರೂ ಹಳೆಯ ಬಾಡಿಗೆಯೇ ನಡೆಯುತ್ತಿರುತ್ತದೆ. ಅಲ್ಲಿ ಕೈ ಹಾಕಿದರೆ ದೊಡ್ಡವರ ಫೋನ್ ಬರುತ್ತದೆ. ನೀನೊಬ್ಬಳೇ ಮೈಮೇಲೆ ಹಾಕಿಕೊಳ್ಳಬೇಡ, ಟಿಪ್ಪಣಿ ಬರೆದು ಫೈಲನ್ನು ಸಭೆಯ ಮುಂದೆ ಹೋಗುವಂತೆ ಮಾಡು.

ಮೇಲಿನ ಅನುದಾನ ಇದ್ದೇ ಇದೆಯಲ್ಲ ಎನ್ನುವವರಿಗೆ ಒಂದು ಮಾತು ನೆನಪಿಸು. 2021ರಿಂದ 2026ರವರೆಗಿನ ಅನುದಾನಕ್ಕೆ 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. ಲೆಕ್ಕಪತ್ರವನ್ನು ಆನ್‌ಲೈನ್‌ನಲ್ಲಿ ಜನರೆದುರು ಇಡಬೇಕು, ಆಸ್ತಿ ತೆರಿಗೆಯ ವಸೂಲಿ ರಾಜ್ಯದ ಆರ್ಥಿಕತೆ ಬೆಳೆದಷ್ಟಾದರೂ ಬೆಳೆಯಬೇಕು. ಬಂದ ಹಣದಲ್ಲೂ ನೂರಕ್ಕೆ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂದರೆ ಮನೆಯ ಲೆಕ್ಕ ಸರಿ ಇದ್ದವರಿಗೇ ಹೊರಗಿನ ಹಣ.

ಸದಸ್ಯರ ಮೇಲೆ ಬೇಸರ ಪಡಬೇಡ. ಅವರು ಓಣಿಯ ಮಂದಿಗೆ ಮುಖ ಕೊಡಬೇಕಾದವರು. ಬಜೆಟ್ ಪುಸ್ತಕ ಅವರಿಗೆ ಕಬ್ಬಿಣದ ಕಡಲೆ, ಯಾಕೆಂದರೆ ಯಾರೂ ಕೂತು ಬಿಡಿಸಿ ಹೇಳಿಲ್ಲ. ಮೊದಲ ಸಲ ಆರಿಸಿ ಬಂದ ಹೆಣ್ಣುಮಕ್ಕಳನ್ನು ಸಭೆಯ ಹಿಂದಿನ ದಿನ ಕರೆದು ಚಹಾ ಕೊಟ್ಟು ಆ ಒಂದು ಹಾಳೆ ತೋರಿಸು. ಮನೆಯ ಜೋಳದ ಲೆಕ್ಕ ಇಟ್ಟವರಿಗೆ ಇದು ಬೇಗ ತಿಳಿಯುತ್ತದೆ. ನಾನು ಹೀಗೆ ತೋರಿಸಿದಾಗ ಒಬ್ಬ ಸದಸ್ಯೆ ಮರುದಿನದ ಸಭೆಯಲ್ಲಿ ಎದ್ದುನಿಂತು, "ಪಿಎಫ್ ಕಟ್ಟಿದ ಚಲನ್ ತೋರಸ್ರಿ, ಆಮ್ಯಾಲೆ ಗಟಾರದ ಮಾತು" ಅಂದಿದ್ದಳು. ಆ ದಿನದಷ್ಟು ಸಂತೋಷ ನನಗೆ ನೌಕರಿಯಲ್ಲಿ ಮತ್ತೆ ಆಗಲಿಲ್ಲ.

ಬಾಗೇವಾಡಿಯಲ್ಲಿದ್ದಾಗ ಸಂಜೆ ಬಸವೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ಯೋಚಿಸುತ್ತಿದ್ದೆ. ಆ ಊರಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರಿ, ನಮ್ಮದೇ ಕಸುಬಿನವರು. ಬೊಕ್ಕಸದ ಹಣವನ್ನು ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಯಾರೋ ದೂರು ಹೇಳಿದಾಗ ಅರಸ ಲೆಕ್ಕ ತೆಗೆಸಿದನಂತೆ, ಒಂದು ಕಾಸೂ ಕಡಿಮೆ ಇರಲಿಲ್ಲವಂತೆ. ದೊಡ್ಡ ಮನಸ್ಸಿನ ಕೆಲಸ ಮಾಡುವವರಿಗೂ ಅರಸನ ಹಣ ಬೇರೆ, ತಮ್ಮ ಕಾಯಕದ ಹಣ ಬೇರೆ. ನೀರಿಗಾಗಿ ಚೆಕ್ ಬರೆದ ನನ್ನ ಮನಸ್ಸೂ ಒಳ್ಳೆಯದೇ ಇತ್ತು, ಆದರೆ ಆ ಗೆರೆ ನನಗೆ ಕಂಡಿರಲಿಲ್ಲ.

ಸೋಮವಾರ ಚಾರ್ಜ್ ತೆಗೆದುಕೊಳ್ಳುವಾಗ ಚೆಕ್‌ಬುಕ್ಕಿನ ಹಾಳೆಗಳನ್ನು ಎಣಿಸು, ಬಳಸದ ರಸೀದಿ ಪುಸ್ತಕಗಳ ನಂಬರು ಬರೆದುಕೋ, ಎಲ್ಲ ಖಾತೆಗಳ ಶಿಲ್ಕನ್ನು ಬ್ಯಾಂಕಿನಿಂದಲೇ ಬರೆಸಿ ತರಿಸು. "ಆಮ್ಯಾಲೆ ನೋಡೂಣು ಬಿಡ್ರಿ ಮೇಡಂ" ಅಂದರೆ ಸಹಿ ಮಾಡದೆ ಕೂತಿರು. ಪೌರಕಾರ್ಮಿಕರ ಪಿಎಫ್ ಚಲನ್‌ಗಳ ಫೈಲ್ ಎಲ್ಲಿದೆ ಎಂದು ಮೊದಲ ದಿನವೇ ಕೇಳು. ಸಿಗದಿದ್ದರೆ ಎಷ್ಟು ಹೊತ್ತಾಗಿದ್ದರೂ ಚಿಂತೆಯಿಲ್ಲ, ನನಗೆ ಫೋನ್ ಮಾಡು.