ನಾಲಗೆಯ ಹಿಂಬದಿಯನ್ನು ಮರೆಯಬೇಡಿ

ನಾಯ್ಮಾರ್ಮೂಲೆಯಲ್ಲಿ ಬಸ್ಸು ಕಾಯುವಾಗ ಮಾತಿಗೆ ಸಿಕ್ಕವರು ಅರ್ಧ ಹೆಜ್ಜೆ ಹಿಂದೆ ಸರಿದರೆ ಬೇಸರಿಸಬೇಡಿ. ಬಾಯಿಯ ವಾಸನೆ ಅವರವರ ಮೂಗಿಗೆ ತಿಳಿಯುವುದು ಕಷ್ಟ. ಮನೆಯವರನ್ನೇ ಕೇಳಿ, ಅವರಿಗೆ ದಾಕ್ಷಿಣ್ಯವಿರುವುದಿಲ್ಲ.

ಹಲವರು ಹೊಟ್ಟೆಯನ್ನು ದೂರುತ್ತಾರೆ. ಬಹುಪಾಲು ತಪ್ಪು ಬಾಯಿಯದ್ದೇ. ನಾಲಗೆಯ ಹಿಂಬದಿಯಲ್ಲಿ, ಹಲ್ಲುಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾ ಆಹಾರದ ಚೂರು ಕೊಳೆಸಿ ಗಂಧಕದ ಅನಿಲ ಬಿಡುತ್ತವೆ. ಹಳಬರು ತೆಂಗಿನ ಗರಿಯ ಕಡ್ಡಿ ಸೀಳಿ ನಾಲಗೆ ಹೆರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಈಗ ಸ್ಟೀಲಿನದ್ದು ಸಿಗುತ್ತದೆ. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ಎಳೆಯಿರಿ. ರಾತ್ರಿ ಮಲಗುವ ಮುಂಚೆ ಹಲ್ಲುಜ್ಜುವುದನ್ನಂತೂ ಬಿಡಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ವಾಸನೆ ಹೆಚ್ಚುತ್ತದೆ. ಉಪವಾಸದ ತಿಂಗಳಲ್ಲೂ ಬಾಯಿ ಒಣಗಿ ಹಾಗೇ ಆಗುತ್ತದೆ. ನಸುಕಿನ ಸಹರಿ ಊಟದ ಬಳಿಕ ಹಲ್ಲು, ನಾಲಗೆ ಎರಡನ್ನೂ ತಿಕ್ಕಿ.

ವಾಸನೆ ಮುಚ್ಚಲು ಎಲೆಯಡಿಕೆ ಮಾತ್ರ ಬೇಡ. ಅಡಿಕೆ ಬೆಳೆಯುವ ನಾಡಿನಲ್ಲಿ ಹೇಳಲು ಸಂಕೋಚವೇ. ಆದರೆ ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ವಾಸನೆ ಎರಡು ವಾರದಲ್ಲೂ ಹೋಗದಿದ್ದರೆ, ಒಸಡಲ್ಲಿ ರಕ್ತ ಬಂದರೆ ದಂತವೈದ್ಯರಲ್ಲಿಗೆ ಹೋಗಿ. ಪೊಯಿನಾಚಿಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಹಲ್ಲಿಗಂಟಿದ ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಹೆದರಿಕೆ ಬೇಡ. ಬಾಯಲ್ಲಿ ಏನೂ ಕಾಣದಿದ್ದರೆ ಟಾನ್ಸಿಲ್, ಸೈನಸ್, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ.