ಬೈಲಿನ ಅಂಚಿನ ಮನೆ

ಉಡುಪಿ, ಕಾರ್ಕಳಗಳ ಹಳ್ಳಿಗಳಲ್ಲಿ ಮನೆಗಳು ಘಟ್ಟದ ಮೇಲಿನಂತೆ ಒತ್ತೊತ್ತಾಗಿಲ್ಲ. ಒಂದೊಂದು ಮನೆಯೂ ತನ್ನ ಗದ್ದೆ, ತೋಟಗಳ ಬಳಿ ಒಂಟಿಯಾಗಿರುತ್ತದೆ. ತಗ್ಗಿನ ಬೈಲು, ನಡುವಣ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂದು ನೀರಿನ ಲೆಕ್ಕದಲ್ಲಿ ಗದ್ದೆಗಳನ್ನು ವಿಂಗಡಿಸಿದ್ದ ಹಿರಿಯರು, ಬೈಲನ್ನು ಬತ್ತಕ್ಕೆ ಬಿಟ್ಟು ಅಂಚಿನ ಏರಿನಲ್ಲಿ ಮನೆ ಕಟ್ಟಿದರು.

ಈ ವಿವೇಚನೆಯ ಹೊಣೆ ಮುಂದೆ ಕಾನೂನಿನ ಪಾಲಿಗೆ ಬಂದಿತು. ಯಾವ ನೆಲ ಯಾವ ಬಳಕೆಗೆಂದು ನಕ್ಷೆಯಲ್ಲಿ ಗುರುತಿಸುವ ಕ್ರಮವನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ, ಕೃಷಿಭೂಮಿಯ ಪರಿವರ್ತನೆಗೆ ಅನುಮತಿಯ ಕ್ರಮವನ್ನು 1964ರ ಭೂಕಂದಾಯ ಅಧಿನಿಯಮವೂ ತಂದವು. ಕಾಪುವಿನಂಥ ಕಡಲತೀರದಲ್ಲಿ, 1991ರ ಅಧಿಸೂಚನೆಯಿಂದ, ಉಬ್ಬರದ ರೇಖೆಯ ಈಚೆ 500 ಮೀಟರ್ ನೆಲ ನಿಯಂತ್ರಣಕ್ಕೊಳಪಟ್ಟಿತು. ದೋಣಿಯ ಸಮೀಪವೇ ಬಾಳಬೇಕಾದ ಮೀನುಗಾರನಿಗೆ ಇದು ಸಣ್ಣ ಮಾತಲ್ಲ.

1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮಣಿಪಾಲಕ್ಕೆ ಮುರಕಲ್ಲಿನ ಬೋಳುಗುಡ್ಡ ದೊರೆಯಿತು. ಎಲ್ಲರಿಗೂ ಅಂಥ ಗುಡ್ಡವೆಲ್ಲಿದೆ? ಪಾಲಾದ ಕುಟುಂಬಕ್ಕೆ ಕೆಲವೊಮ್ಮೆ ಬೈಲಿನ ಐದು ಸೆಂಟ್ಸ್ ಮಾತ್ರ ಉಳಿದಿರುತ್ತದೆ. ಅದಕ್ಕೆ ಮಣ್ಣು ತುಂಬಿದರೆ ಆಟಿಯ ಮಳೆನೀರು ನೆರೆಯವರ ಅಂಗಳಕ್ಕೆ ನುಗ್ಗುತ್ತದೆ. ತೋಡಿನ ದಾರಿ ಕಟ್ಟುತ್ತದೆ. ಅನುಮತಿಯನ್ನು ನಿರಾಕರಿಸಿದಷ್ಟಕ್ಕೇ ಆ ಕುಟುಂಬಕ್ಕೆ ಸೂರು ದೊರೆಯದು. ಬೆಟ್ಟಿನ ಬದಿಯ ಸರಕಾರಿ ನೆಲದಲ್ಲಿ ಅವರಿಗೊಂದು ನಿವೇಶನವನ್ನು ಮೊದಲು ಗುರುತಿಸಿ, ಬೈಲಿಗೆ ಬೇಲಿ ಹಾಕುವ ಮಾತನ್ನು ಆಮೇಲೆ ಆಡುವುದು ನ್ಯಾಯ.