ಆಟ ಮತ್ತು ಆಟದ ವಿಮರ್ಶೆ: ಕಲ್ಯಾಣದ ನೆಲದಿಂದ ಒಂದು ವಿಚಾರ

ಆಟವು ಬಾಲ್ಯದ ಸಹಜ ಧರ್ಮ. ಚಿಣ್ಣಿಕೋಲು, ಗೋಲಿ, ಬುಗುರಿ, ಲಗೋರಿ, ಚೌಕಾಬಾರ, ಅಳಗುಳಿಮನೆ ಮೊದಲಾದ ಆಟಗಳನ್ನಾಡಿ ಬೆಳೆದ ತಲೆಮಾರು ಇಂದು ಶಿಕ್ಷಕರ, ಪಾಲಕರ ಹಾಗೂ ದಾನಿಗಳ ಸ್ಥಾನದಲ್ಲಿದೆ. ಅವರ ಮಕ್ಕಳು ಮೊಮ್ಮಕ್ಕಳ ಕೈಗೆ ಬಂದಿರುವುದು ವಿಡಿಯೋ ಆಟ. ಹುಮನಾಬಾದ, ಮಾಣಿಕನಗರ, ಬಸವಕಲ್ಯಾಣಗಳ ಮನೆಗಳೂ ಇದಕ್ಕೆ ಹೊರತಾಗಿಲ್ಲ. ಈ ಆಟಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಲವಾಗಿ ಕೇಳಿಬರುತ್ತವೆ. ಇವು ಓದನ್ನು ಕೆಡಿಸುವ ವ್ಯಸನವೆಂಬುದು ಒಂದು. ಬುದ್ಧಿಯನ್ನು ಚುರುಕುಗೊಳಿಸುವ ಸಾಧನವೆಂಬುದು ಇನ್ನೊಂದು. ಎರಡೂ ಪಕ್ಷದವರು ಆಟವನ್ನು ಬಿಡಿಸಿ ನೋಡದೆಯೇ ತೀರ್ಪು ಕೊಡುವುದುಂಟು. ಆದುದರಿಂದ ಆಟವನ್ನು ಪರೀಕ್ಷಿಸುವ ಬಗೆ ಯಾವುದು, ಆಟದ ಬಗೆಗೆ ಬರೆಯುವವರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮಾನಸೋಲ್ಲಾಸದ ಮಾದರಿ

ಆಟಗಳ ಕುರಿತು ಕ್ರಮಬದ್ಧವಾಗಿ ಬರೆಯುವ ಕಾರ್ಯ ಈ ನೆಲಕ್ಕೆ ಹೊಸದಲ್ಲ. ಇಂದಿನ ಬಸವಕಲ್ಯಾಣವೇ ಆದ ಕಲ್ಯಾಣ ಪಟ್ಟಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಈ ವಿಶ್ವಕೋಶದ ಕೊನೆಯ ಭಾಗ ಪೂರ್ತಿಯಾಗಿ ಕ್ರೀಡೆಗಳಿಗೆ ಮೀಸಲು. ವನಕ್ರೀಡೆ, ಜಲಕ್ರೀಡೆ, ಉಯ್ಯಾಲೆ, ಒಗಟು, ಚದುರಂಗ, ದಾಳ, ಕವಡೆ ಇವೆಲ್ಲವೂ ಅಲ್ಲಿ ಬಂದಿವೆ. ರಾಜ್ಯಭಾರ, ವೈದ್ಯ, ಸಂಗೀತ, ಚಿತ್ರಕಲೆಗಳ ಸಾಲಿನಲ್ಲಿಯೇ ಆಟಕ್ಕೂ ಸ್ಥಾನ ದೊರೆತಿರುವುದು ಗಮನಾರ್ಹ. ಆಟವು ವಿದ್ವಾಂಸನ ವಿವೇಚನೆಗೆ ಯೋಗ್ಯವಾದ ವಸ್ತುವೆಂದು ಆ ಕಾಲದಲ್ಲಿಯೇ ಒಪ್ಪಲಾಗಿತ್ತು.

ಆದರೆ ಮಾನಸೋಲ್ಲಾಸವು ಮುಖ್ಯವಾಗಿ ಅರಸನ ವಿರಾಮವನ್ನು ವರ್ಣಿಸುವ ಗ್ರಂಥ. ಅದು ರಚಿತವಾದ ಕೆಲವೇ ದಶಕಗಳಲ್ಲಿ, ಬಿಜ್ಜಳನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕ ಮತ್ತು ದಾಸೋಹಗಳ ತತ್ತ್ವವನ್ನು ಸಾರಿದರು. ಅನುಭವ ಮಂಟಪದಲ್ಲಿ ಪ್ರಶ್ನಿಸಿ, ಚರ್ಚಿಸಿ ನಿರ್ಣಯಕ್ಕೆ ಬರುವ ಪದ್ಧತಿಯನ್ನು ಬೆಳೆಸಿದರು. ಆಟವನ್ನು ಗೌರವದಿಂದ ಅಭ್ಯಸಿಸುವ ದೃಷ್ಟಿಯನ್ನು ಸೋಮೇಶ್ವರನಿಂದಲೂ, ವೇಳೆ ಹೇಗೆ ವ್ಯಯವಾಯಿತೆಂದು ತನ್ನನ್ನು ತಾನೇ ಕೇಳಿಕೊಳ್ಳುವ ಎಚ್ಚರವನ್ನು ಶರಣರಿಂದಲೂ ಪಡೆಯಲು ಸಾಧ್ಯವಿದೆ.

ವಿಡಿಯೋ ಆಟದ ಉಗಮ

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ, ನೋಡಲು ಬಂದ ಸಾರ್ವಜನಿಕರ ಮನರಂಜನೆಗಾಗಿ ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಸಿದ್ಧಪಡಿಸಿದನು. 1962ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 'ಸ್ಪೇಸ್‌ವಾರ್' ರೂಪುಗೊಂಡಿತು. 1972ರಲ್ಲಿ ಅಟಾರಿ ಕಂಪನಿಯ 'ಪಾಂಗ್' ಬಂದಮೇಲೆ ವಿಡಿಯೋ ಆಟವು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಕರ್ನಾಟಕವೂ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ. ಆಟಗಳನ್ನು ತಯಾರಿಸುವ ಭಾರತದ ಆದ್ಯ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ರಾಜ್ಯ ಸರಕಾರ 2012ರಲ್ಲಿ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು. ಚಿತ್ರಕಾರ, ಸಂಗೀತಗಾರ, ಕಥೆಗಾರ, ಗಣಿತ ಬಲ್ಲವ ಇವರೆಲ್ಲರ ದುಡಿಮೆ ಒಂದು ಆಟದಲ್ಲಿ ಕೂಡಿರುತ್ತದೆ. ಇದನ್ನು ಅರಿತ ವಿದ್ಯಾರ್ಥಿಗೆ ಆಟವು ಜೀವನೋಪಾಯದ ಒಂದು ದಾರಿಯಾಗಿಯೂ ಕಾಣಬಹುದು.

ಆಟದ ಪತ್ರಿಕೆಗಳು ಮತ್ತು ಅವುಗಳ ಇಕ್ಕಟ್ಟು

ಆಟಗಳು ಹೆಚ್ಚಿದಂತೆ ಅವುಗಳನ್ನು ವಿಮರ್ಶಿಸುವ ಪತ್ರಿಕೆಗಳೂ ಹುಟ್ಟಿದವು. 1981ರಲ್ಲಿ ಇಂಗ್ಲೆಂಡಿನಲ್ಲಿ 'ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್', 1986ರಲ್ಲಿ ಜಪಾನಿನಲ್ಲಿ 'ಫಾಮಿತ್ಸು' ಆರಂಭವಾದವು. ನಾಲ್ವರು ವಿಮರ್ಶಕರು ತಲಾ 10ರಂತೆ ಒಟ್ಟು 40 ಅಂಕಗಳಿಗೆ ಆಟವನ್ನು ತೂಗುವುದು ಫಾಮಿತ್ಸುವಿನ ಪ್ರಸಿದ್ಧ ಪದ್ಧತಿ. ಒಬ್ಬನ ರುಚಿಗಿಂತ ನಾಲ್ವರ ಅಭಿಪ್ರಾಯ ಮೇಲೆಂಬ ಭಾವನೆ ಇದರ ಹಿಂದಿದೆ.

ಇಂತಹ ಪತ್ರಿಕೆಗಳಿಗೆ ಮೊದಲಿನಿಂದಲೂ ಒಂದು ಇಕ್ಕಟ್ಟು ಅಂಟಿಕೊಂಡಿದೆ. ಯಾವ ಕಂಪನಿಯ ಆಟವನ್ನು ಅವು ವಿಮರ್ಶಿಸಬೇಕೋ ಅದೇ ಕಂಪನಿಯ ಜಾಹೀರಾತು ಅವುಗಳ ಆದಾಯವಾಗಿರುತ್ತದೆ. ಅಂತರ್ಜಾಲದಲ್ಲಿ ಆಡಿ ತೋರಿಸುವವರ ಕಾಲ ಬಂದಮೇಲೆ ಈ ಇಕ್ಕಟ್ಟು ಮತ್ತಷ್ಟು ಬಿಗಿಯಾಯಿತು. ತನ್ನ ಆಟವನ್ನು ಹೊಗಳಲು ಹಣ ಪಡೆದವರು ಆ ಸಂಗತಿಯನ್ನು ಪ್ರೇಕ್ಷಕರಿಗೆ ಸರಿಯಾಗಿ ತಿಳಿಸುವಂತೆ ನೋಡಿಕೊಳ್ಳಲಿಲ್ಲವೆಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗವು ವಾರ್ನರ್ ಬ್ರದರ್ಸ್ ಸಂಸ್ಥೆಯ ಮೇಲೆ ಕ್ರಮ ಕೈಕೊಂಡು, 2016ರಲ್ಲಿ ರಾಜಿಯಾಯಿತು. ಭಾರತದ ಜಾಹೀರಾತು ಮಾನದಂಡ ಮಂಡಳಿಯೂ 2021ರಲ್ಲಿ, ಹಣ ಪಡೆದು ಮಾಡಿದ ಪ್ರಚಾರವನ್ನು ಪ್ರಚಾರವೆಂದೇ ತೋರಿಸಬೇಕೆಂಬ ನಿಯಮಗಳನ್ನು ಹೊರಡಿಸಿತು. ವಿಮರ್ಶೆ ಯಾವುದು, ಜಾಹೀರಾತು ಯಾವುದು ಎಂದು ಬೇರ್ಪಡಿಸುವ ವಿವೇಕವು ಇಂದಿನ ವಿದ್ಯಾರ್ಥಿಗೆ ವ್ಯಾಕರಣದಷ್ಟೇ ಅವಶ್ಯ.

ಒಂದೇ ಆಟ, ಎರಡು ತೀರ್ಪು

ಆಟವನ್ನು ಒಳ್ಳೆಯದು ಅಥವಾ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ಉದಾಹರಣೆ ಸಾಕು. ಮಾಣಿಕನಗರದಲ್ಲಿ ಶ್ರೀ ಮಾಣಿಕಪ್ರಭು ಸಂಸ್ಥಾನವು ಅಂಧ ಬಾಲಕರ ಶಾಲೆಯನ್ನು ನಡೆಸಿಕೊಂಡು ಬಂದಿರುವುದು ಈ ಭಾಗದವರಿಗೆಲ್ಲ ತಿಳಿದ ವಿಷಯ. ಕಣ್ಣಿಲ್ಲದವರು ಪರದೆಯ ಆಟವನ್ನು ಆಡಬಲ್ಲರೇ ಎಂದು ಅನೇಕರಿಗೆ ಸಂಶಯ ಬರಬಹುದು. 2020ರಲ್ಲಿ ಬಿಡುಗಡೆಯಾದ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗದಲ್ಲಿ ಅಂಗವಿಕಲರಿಗೆ ನೆರವಾಗುವ 60ಕ್ಕೂ ಹೆಚ್ಚು ಸೌಕರ್ಯಗಳಿದ್ದವು. ಧ್ವನಿಯ ಸೂಚನೆ, ಪರದೆಯ ಅಕ್ಷರವನ್ನು ಓದಿ ಹೇಳುವ ವ್ಯವಸ್ಥೆ, ದಾರಿ ತೋರುವ ನೆರವು ಇವುಗಳ ಬಲದಿಂದ ಅಂಧರೂ ಅದನ್ನು ಕೊನೆಯವರೆಗೆ ಆಡಿದರು. ಆದರೆ ಅದೇ ಆಟವು ಹಿಂಸೆಯಿಂದ ತುಂಬಿದ್ದು, ಪ್ರೌಢರಿಗೆ ಮಾತ್ರವೆಂದು ವರ್ಗೀಕೃತವಾಗಿದೆ. ಅದರ ಸೌಕರ್ಯಗಳು ಅನುಕರಣೀಯ. ಅದರ ಕಥಾವಸ್ತು ಶಾಲಾ ಬಾಲಕರಿಗೆ ತಕ್ಕುದಲ್ಲ. ಎರಡನ್ನೂ ಒಟ್ಟಿಗೆ ಹೇಳಬಲ್ಲವನೇ ಯೋಗ್ಯ ವಿಮರ್ಶಕನು.

ವ್ಯಸನ ಮತ್ತು ಪಣ

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಇತರ ಎಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡದಿರುವುದು ಇವು ಅದರ ಮೂರು ಲಕ್ಷಣಗಳು. ಸಾಮಾನ್ಯವಾಗಿ ಇವು 12 ತಿಂಗಳಾದರೂ ಕಂಡುಬರಬೇಕು. ರಜೆಯಲ್ಲಿ ಎರಡು ತಾಸು ಆಡಿದ ಹುಡುಗನನ್ನು ರೋಗಿಯೆನ್ನಲಾಗದು. ಊಟ, ನಿದ್ರೆ, ಶಾಲೆಗಳನ್ನು ತೊರೆದವನನ್ನು ಅಲಕ್ಷಿಸಲೂ ಆಗದು. ಇಂತಹವರ ಚಿಕಿತ್ಸೆಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಚೌಕಾಬಾರಕ್ಕೆ ಒಂದು ಕೊನೆಯಿದೆ. ಕಾಯಿಗಳು ಹಣ್ಣಾದಮೇಲೆ ಮಣೆಯನ್ನು ಎತ್ತಿಡುತ್ತಾರೆ. ಇಂದಿನ ಅನೇಕ ಮೊಬೈಲ್ ಆಟಗಳನ್ನು ಕೊನೆಯೇ ಇಲ್ಲದಂತೆ ಕಟ್ಟಲಾಗಿದೆ. ದಿನದಿನವೂ ಬಂದವನಿಗೆ ಬಹುಮಾನ, ಹಣ ತೆತ್ತು ತೆರೆಯುವ ಅದೃಷ್ಟದ ಪೆಟ್ಟಿಗೆ ಇವೆಲ್ಲ ಆಡುವವನನ್ನು ಹಿಡಿದಿಡುವ ಉಪಾಯಗಳು. ಇಂತಹ ಕೆಲವು ಪೆಟ್ಟಿಗೆಗಳು ಜೂಜೇ ಸರಿ ಎಂದು ಬೆಲ್ಜಿಯಂ ದೇಶ 2018ರಲ್ಲಿ ನಿರ್ಣಯಿಸಿತು. ಪಣವೊಡ್ಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಮಾಡಿದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ತರುವಾಯ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ, ಪಣವಿಲ್ಲದ ಸ್ಪರ್ಧಾ ಆಟಗಳಿಗೆ ಮನ್ನಣೆ ಕೊಡುವ ಕಾಯ್ದೆಯನ್ನು ಅಂಗೀಕರಿಸಿತು.

ಶಾಲೆಯ ಕರ್ತವ್ಯ

ಕಾಯ್ದೆಯು ಪಣವನ್ನು ತಡೆಯಬಹುದು. ವಿವೇಕವನ್ನು ಕಲಿಸುವ ಹೊಣೆ ಮನೆಯದು ಮತ್ತು ಶಾಲೆಯದು. ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಪ್ರಬಂಧದ ತಾಸಿನಲ್ಲಿ ವಿದ್ಯಾರ್ಥಿಗಳು ತಾವು ಆಡಿದ ಒಂದು ಆಟದ ವಿಮರ್ಶೆಯನ್ನು ಕನ್ನಡದಲ್ಲಿ ಬರೆಯಲಿ. ಈ ಆಟಕ್ಕೆ ಕೊನೆಯಿದೆಯೇ? ಇದರಲ್ಲಿ ಜಾಣ್ಮೆಗೆ ಎಷ್ಟು, ಅದೃಷ್ಟಕ್ಕೆ ಎಷ್ಟು ಪಾಲು? ಇದು ಎಲ್ಲಿ, ಹೇಗೆ ಹಣ ಕೇಳುತ್ತದೆ? ಇದನ್ನು ಹೊಗಳಿದವರಿಗೆ ಹಣ ಕೊಟ್ಟವರಾರು? ಈ ನಾಲ್ಕು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದ ಬಾಲಕನು ಆಟದ ದಾಸನಾಗುವ ಸಂಭವ ಕಡಿಮೆ. ಶಿಕ್ಷಕರೂ ಒಮ್ಮೆ ಆ ಆಟವನ್ನು ಆಡಿ ನೋಡಿದರೆ ಅವರ ಮಾತಿಗೆ ತೂಕ ಬರುವುದು. ಅದರೊಂದಿಗೆ ಸಂಜೆಯ ಬಯಲಿನಲ್ಲಿ ಲಗೋರಿಗೂ, ಮಳೆಗಾಲದ ಪಡಸಾಲೆಯಲ್ಲಿ ಚೌಕಾಬಾರಕ್ಕೂ ಸ್ಥಳ ದೊರೆಯಬೇಕು. ಆಟದ ಬಯಲನ್ನು ಉಳಿಸಿಕೊಡುವ ದಾನವೂ ವಿದ್ಯಾದಾನವೇ ಆಗಿದೆ.

ಆಟದ ಗ್ರಂಥವೂ ಅನುಭವದ ಮಂಟಪವೂ ಒಂದೇ ಊರಿನಲ್ಲಿ ಹುಟ್ಟಿದವು. ಆ ಊರಿನ ನೆರೆಯಲ್ಲಿ ಬೆಳೆಯುವ ಮಕ್ಕಳು ಆಡಲೂ ಬಲ್ಲವರಾಗಲಿ, ಆಡಿದ್ದನ್ನು ತೂಗಿ ನೋಡಲೂ ಬಲ್ಲವರಾಗಲಿ.